ಹಾಲು ತುಪ್ಪ ಬಿಡಲು ಒಂದು ಜಾಗ

ಡಾಕ್ಟರಿಕೆ ಓದುವ ಮೊಮ್ಮಗಳು ರಜೆಗೆಂದು ಕೃಷ್ಣಗಿರಿಯಿಂದ ಬಂದಾಗ ಕೈಯಲ್ಲಿ ಕುಕ್ಕರಿನ ರಟ್ಟಿನ ಡಬ್ಬವಿತ್ತು. ಅಂತೂ ಹೊಸ ಕುಕ್ಕರ್ ಬಂತೆಂದು ನಾನೇ ಆಸೆಯಿಂದ ಬಿಚ್ಚಿದೆ. ಒಳಗೆ ಟವೆಲ್ಲಿನಲ್ಲಿ ಸುತ್ತಿದ ತಲೆಬುರುಡೆ.

“ಏನೇ ಇದು, ವಿಸಿಲ್ ಎಲ್ಲಿ ಹಾಕೋದು?”

“ಮೆಲ್ಲಗೆ ಅಜ್ಜಿ! ಸೀನಿಯರ್ ಅಕ್ಕಂದು. ಎಕ್ಸಾಮ್ ಮುಗುದ್ಮೇಲೆ ವಾಪಸ್ ಕೊಡ್ಬೇಕು.”

ಇಬ್ಬರೂ ನಕ್ಕೆವು. ಆದರೆ ಅದನ್ನು ಕೆಳಗಿಡಲು ನನಗೆ ಮನಸ್ಸಾಗಲಿಲ್ಲ. ಸುಲಿದ ತೆಂಗಿನಕಾಯಿಗಿಂತ ಹಗುರಾಗಿತ್ತು.

ನಮ್ಮೆಜಮಾನರು ಹೋದ ವರ್ಷ ತೀರಿಕೊಂಡರು. “ಹೂಳಿದ್ರೆ ಗೆದ್ಲು ತಿಂತದೆ. ಓದೋ ಮಕ್ಕಳಿಗಾದ್ರೂ ಬರ್ಲಿ” ಎಂದು ಹಟ ಹಿಡಿದು ದೇಹವನ್ನು ದೂರದ ಒಂದು ಕಾಲೇಜಿಗೆ ಬರೆದುಕೊಟ್ಟಿದ್ದರು. ಮಗ ಹಾಗೆಯೇ ಮಾಡಿದ. ನಮ್ಮ ಕಡೆ ಮಣ್ಣು ಮಾಡಿದ ಮೂರನೆಯ ದಿನ ಸಮಾಧಿಯ ಮೇಲೆ ಹಾಲು ತುಪ್ಪ ಬಿಡುತ್ತಾರೆ. ಹೋದವರ ಜೀವ ತಣ್ಣಗಾಗಲಿ ಎಂದು. ಅವತ್ತು ನಾದಿನಿ ಬಟ್ಟಲು ಹಿಡಿದು ಅಂಗಳದಲ್ಲೇ ನಿಂತುಬಿಟ್ಟಳು.

“ಮಣ್ಣಿನ ಗುಡ್ಡೇನೇ ಇಲ್ಲ, ನಮ್ಮಣ್ಣಂಗೆ ಎಲ್ಲಿ ಬಿಡ್ಲಿ ಅತ್ಗೆ?”

ಬಟ್ಟಲನ್ನು ಅವಳ ಕೈಯಿಂದ ಇಸಿದುಕೊಂಡು ಒಳಗಿಟ್ಟೆ. ಅದು ಅಡುಗೆಮನೆಯಲ್ಲೇ ಉಳಿಯಿತು. ಮಾರನೆಯ ದಿನ ಹಾಲು ಒಡೆದು ನಾತ ಬಂತು. ಬಚ್ಚಲಿಗೆ ಚೆಲ್ಲಿದೆ. ಗಂಡನಿಗೆ ಸಲ್ಲಬೇಕಾದ್ದನ್ನು ಬಚ್ಚಲಿಗೆ ಚೆಲ್ಲಿದ ಕೈ ಇದು.

“ಇದು ನಿಮ್ ತಾತ ಇರ್ಬೋದೇನೇ?” ಎಂದೆ.

“ಅಲ್ಲ ಅಜ್ಜಿ. ತಾತ ಇರೋದು ಬೇರೆ ಕಾಲೇಜು. ಇದು ಬೋ ಹಳೇದು. ಹೆಂಗಸ್ರದ್ದು ಅನ್ಸುತ್ತೆ. ಹಣೆ ನೋಡು, ಎಷ್ಟು ನುಣ್ಣಗೈತೆ.”

“ನಿಮ್ ತಾತನ ತಲೇನೂ ನುಣ್ಣಗೇ ಇತ್ತು.”

“ಅದು ಬೋಡುತಲೆ ಅಜ್ಜಿ!”

ಅವಳು ಸ್ನಾನಕ್ಕೆ ಹೋದಳು. ನಾನು ಲೋಟದಲ್ಲಿ ಹಾಲು, ಚಮಚದಲ್ಲಿ ತುಪ್ಪ ತಂದೆ. ಬುರುಡೆಯನ್ನು ತಟ್ಟೆಯಲ್ಲಿಟ್ಟು, ಅವರನ್ನು ನೆನೆದು ಬಿಟ್ಟೆ. ಹಾಲು ಕಣ್ಣಿನ ಗುಳಿಗಳಿಂದ ಇಳಿಯಿತು. ತುಪ್ಪ ಮೂಳೆಯ ಬೆಸುಗೆಗಳಲ್ಲಿ ನಿಂತಿತು.

“ಏನ್ ಮಾಡ್ಬುಟ್ಟೆ ಅಜ್ಜಿ! ಇರುವೆ ಮುತ್ಕೊಂತವೆ!” ಒದ್ದೆ ತಲೆಯಲ್ಲೇ ಓಡಿಬಂದಳು.

“ನೀನೊಬ್ಬಳೇ ಸ್ನಾನ ಮಾಡ್ದೆ, ಅದಕ್ಕೂ ಮಾಡ್ಸಿದೆ.”

ಅವಳು ನಗಲಿಲ್ಲ. ಲೋಟ ನೋಡಿದಳು, ಚಮಚ ನೋಡಿದಳು, ನನ್ನ ಮುಖ ನೋಡಿದಳು. ಬಿಸಿನೀರು ತಂದು ಪಕ್ಕದಲ್ಲಿ ಕುಳಿತಳು. ಇಬ್ಬರೂ ಸೇರಿ ಒರೆಸಿದೆವು. ಸಣ್ಣ ತೂತುಗಳಿಂದ ಅವಳು ಕಡ್ಡಿಗೆ ಹತ್ತಿ ಸುತ್ತಿ ತುಪ್ಪ ತೆಗೆಯುತ್ತಿದ್ದಳು.

“ಈಗಾದ್ರೂ ಸಮಾಧಾನ ಆಯ್ತಾ ಅಜ್ಜಿ?”

ಆಗಿರಲಿಲ್ಲ. ಅವರನ್ನೇ ನೆನೆದು ಬಿಟ್ಟಿದ್ದೆ, ನಿಜ. ಆದರೆ ಕಣ್ಣೆದುರಿಗಿದ್ದುದು ಗುರುತಿಲ್ಲದ ಹೆಂಗಸಿನ ಹಣೆ. ಅವಳನ್ನೂ ಯಾರೋ ಎತ್ತಿ ಆಡಿಸಿರುತ್ತಾರೆ. ಅವಳಿಗೆ ಯಾರಾದರೂ ಹಾಲು ಬಿಟ್ಟಿದ್ದರೋ ಇಲ್ಲವೋ.

“ಯಾರೋ ಪುಣ್ಯಾತ್ಗಿತ್ತಿ ಕುಡ್ಕೊಂಡ್ಳು ಬಿಡು” ಎಂದೆ. ಒದ್ದೆ ಬಟ್ಟೆ ಹಿಂಡುತ್ತಾ ಕೇಳಿದೆ, “ಕಲ್ತು ಮುಗುದ್ಮೇಲೆ ನಿಮ್ ತಾತನ್ನ ನಮ್ಗೆ ವಾಪಸ್ ಕೊಡ್ತಾರೇನೇ? ಒಂದು ಮೂಳೆ ಆದ್ರೂ ಸಾಕು.”

“ಕೇಳ್ತೀನಿ ಅಜ್ಜಿ. ಕೊಡೋದು ಡೌಟು.”

ನನ್ನ ಮುಖ ನೋಡಿಯಾದರೂ ಅವಳು ಒಂದು ಸುಳ್ಳು ಹೇಳಬಾರದಿತ್ತೇ ಎನಿಸಿತು. ಆ ಹೆಂಗಸಿನ ಹಣೆಯನ್ನು ಒಣಬಟ್ಟೆಯಿಂದ ಒರೆಸುತ್ತಾ ಕುಳಿತೆ.