ಸುಟ್ಟ ತೊಲೆಯ ಮೇಲೆ ಭಾರ ಪರೀಕ್ಷೆ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ದಾಂಡೇಲಿಯಲ್ಲಿ ಓವರ್ಸಿಯರ್ ಆಗಿದ್ದೆ. ಹಳೆಯ ಕಟ್ಟಡಗಳನ್ನು ನೋಡಿ ‘ಬೀಳಬಹುದು’ ಎಂದು ಬರೆದಿಡುವುದು ನನ್ನ ಉದ್ಯೋಗ. ಬಿದ್ದರೆ ನಾನು ದೂರದರ್ಶಿ. ಬೀಳದಿದ್ದರೆ ಆ ಕಾಗದವನ್ನು ಯಾರೂ ತೆಗೆದು ನೋಡುವುದಿಲ್ಲ. ಇಷ್ಟು ಭದ್ರವಾದ ವೃತ್ತಿಯನ್ನು ನಾನು ಮತ್ತೆ ಕಾಣಲಿಲ್ಲ.

ನಾನು ಬಾಡಿಗೆಗಿದ್ದದ್ದು ಎರಡಂತಸ್ತಿನ ಒಂದು ಉದ್ದನೆಯ ಚಾಳದಲ್ಲಿ. ಇಪ್ಪತ್ತು ಕೋಣೆಗಳು, ಕಂಬ, ತೊಲೆ, ಜಂತಿ ಎಲ್ಲವೂ ಸಾಗವಾನಿ. ಕೆಳಗೆ ರಸ್ತೆಯ ಮೂಲೆಗೆ ಒಂದು ಖಾನಾವಳಿ. ಅದನ್ನು ನಡೆಸುತ್ತಿದ್ದವಳು ಧಾರವಾಡದ ಕಡೆಯಿಂದ ಬಂದ ವಿಧವೆ, ನಮಗೆಲ್ಲ ಅವ್ವ. ಅವಳ ದುಡಿಮೆ, ಅವಳ ಹಾಸಿಗೆ, ಅವಳ ದೇವರು, ಮೂರೂ ಆ ಮೂಲೆಯಲ್ಲೇ. ಹಿಂದಿನ ವರ್ಷ ಅಡುಗೆಮನೆಯ ಹಿಂಬದಿಗೆ ಒಂದು ಚಾವಣಿ ಹಾಕಿಸುವಾಗ ಅವಳು ನನ್ನ ಸಲಹೆ ಕೇಳಿದ್ದಳು. ಕಬ್ಬಿಣದ ತೊಲೆ ಹಾಕಿಸು, ಕಬ್ಬಿಣಕ್ಕೆ ಬೆಂಕಿ ಹತ್ತುವುದಿಲ್ಲ ಎಂದು ನಾನು ವಿಜ್ಞಾನ ಹೇಳಿದ್ದೆ. ಹಾಕಿಸಿದಳು.

ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮೊದಲ ಪಂಕ್ತಿ ಕೂರುವ ಮುಂಚೆ, ದಿಮ್ಮಿ ತುಂಬಿದ ಲಾರಿಯೊಂದು ಬ್ರೇಕ್ ಹತ್ತದೆ ಇಳಿಜಾರಿನಲ್ಲಿ ಬಂದು ನೇರ ಖಾನಾವಳಿಯ ಒಳಗೆ ನಿಂತಿತು. ಮೂಲೆಯ ಕಂಬ ಮುರಿದು ರಸ್ತೆಯಾಚೆ ಬಿತ್ತು. ಸ್ಟೋವು ಉರುಳಿತು, ಸೀಮೆಎಣ್ಣೆ ಡಬ್ಬ ಉರುಳಿತು, ಬೆಂಕಿ ಎದ್ದಿತು. ಡ್ರೈವರ್ ಹೇಗೋ ಲಾರಿಯನ್ನು ಹಿಂದಕ್ಕೆ ತೆಗೆದ. ಚಾಳದವರೆಲ್ಲ ಮಣ್ಣು ಎರಚಿದರು, ಮರಳು ಎರಚಿದರು, ಬಾವಿ ನೀರು ಸೇದಿದರು. ಕೊನೆಗೆ ಅವ್ವ ಅರವತ್ತು ಜನರ ಬೇಳೆಸಾರನ್ನೇ ಎತ್ತಿ ಸುರಿದಳು. ಯಾರಿಗೂ ಗಾಯವಾಗಲಿಲ್ಲ. ಒಂದು ತಾಸಿನ ಮೇಲೆ ಬೆಂಕಿ ಆರಿತು. ಸುಟ್ಟ ಇಂಗಿನ ವಾಸನೆ ಮಾತ್ರ ಒಂದು ತಿಂಗಳು ಉಳಿಯಿತು.

ಹೊಗೆ ಸರಿದಾಗ ಕಂಡದ್ದಿಷ್ಟು. ನನ್ನ ವಿಜ್ಞಾನದ ಕಬ್ಬಿಣದ ತೊಲೆ ನಡು ಮುರಿದವರಂತೆ ಬಾಗಿ ನೆಲಕ್ಕೆ ಮುಖ ಕೊಟ್ಟಿತ್ತು. ಸಾಗವಾನಿಯ ಚಾಳ ಕಪ್ಪಾಗಿ, ಒಂದು ಕಂಬ ಕಳೆದುಕೊಂಡು, ನಿಂತೇ ಇತ್ತು.

“ಏನ್ ಸಾಹೇಬ್ರ, ನಿಮ್ಮ ಕಬ್ಬಿಣ ಕರದ ಹಪ್ಪಳಾದಂಗ ಆಗೇತಲ್ರಿ!” ಎಂದಳು ಅವ್ವ. ಅಂಥ ಹೊತ್ತಿನಲ್ಲೂ.

ನಾನು ಕರ್ತವ್ಯನಿಷ್ಠನಾಗಿ, ಮುಂದಿನ ಆದೇಶದವರೆಗೆ ಒಳಗೆ ಒಲೆ ಹಚ್ಚಕೂಡದು ಎಂದು ಬರೆದು ಅವಳ ಬಾಗಿಲಿಗೆ ಅಂಟಿಸಿದೆ. ಆಮೇಲೆ ಊಟದ ತಟ್ಟೆ ಹಿಡಿದು, ರಸ್ತೆಯಾಚೆ ಬೇವಿನ ಮರದಡಿ ಅವಳು ಹೂಡಿದ್ದ ಮೂರು ಕಲ್ಲಿನ ಒಲೆಯ ಮುಂದೆ ಹೋಗಿ ಕೂತೆ. ಅವಳು ರೊಟ್ಟಿ ಹಾಕಿದಳು, ಮುಖ ನೋಡಲಿಲ್ಲ.

ನಾಲ್ಕನೆಯ ದಿನ ಹಳಿಯಾಳದಿಂದ ಮೇಲಿನ ಸಾಹೇಬರು ಬಸ್ಸಿನಲ್ಲಿ ಬಂದರು. ಅವರ ಫಾರ್ಮಿನಲ್ಲಿ ಇಟ್ಟಿಗೆ, ಕಾಂಕ್ರೀಟು, ಕಬ್ಬಿಣಕ್ಕೆ ಒಂದೊಂದು ಕಾಲಮ್ ಇತ್ತು. ಕಟ್ಟಿಗೆ ಇದ್ದದ್ದು ‘ಸ್ಥಳದಲ್ಲಿರುವ ಉರಿಯುವ ವಸ್ತುಗಳು’ ಎಂಬಲ್ಲಿ. ಅಂದರೆ ಸರಕಾರದ ದೃಷ್ಟಿಯಲ್ಲಿ ಅಲ್ಲಿ ಕಟ್ಟಡವೇ ಇರಲಿಲ್ಲ. ಎರಡಂತಸ್ತಿನ ಸೌದೆಯೊಳಗೆ ಇಪ್ಪತ್ತು ಸಂಸಾರ ವಾಸವಾಗಿದ್ದವು.

“ಇದು ಸುಟ್ಟೈತಿ. ಸುಟ್ಟದ್ದು ಬೀಳತೈತಿ. ಕೆಡವಬೇಕು,” ಎಂದರು ಸಾಹೇಬರು.

“ಕೆಡವಿದ್ರ ನಾ ಎಲ್ಲಿಗೆ ಹೋಗ್ಲಿರಿ?” ಎಂದಳು ಅವ್ವ. ಫಾರ್ಮಿನಲ್ಲಿ ಅದಕ್ಕೂ ಕಾಲಮ್ ಇರಲಿಲ್ಲ.

ಆಗ ಮುಂದೆ ಬಂದವನು ಹೊಸ ಕಂಬ ಕೆತ್ತಲು ಅವ್ವ ಕರೆಸಿದ್ದ ಬಡಿಗ, ಹಳಿಯಾಳದ ಕಡೆಯ ಹಳ್ಳಿಯ ಸಿದ್ದಿ ಜನಾಂಗದ ಯಜಮಾನ. ಅವನು ಬಾಚಿ ಎತ್ತಿ ಸುಟ್ಟ ತೊಲೆಗೆ ಎರಡು ಏಟು ಹಾಕಿದ. ಹೆಬ್ಬೆರಳ ದಪ್ಪದ ಇದ್ದಿಲು ಉದುರಿತು. ಒಳಗೆ ಹೊನ್ನಿನ ಬಣ್ಣದ ಸಾಗವಾನಿ, ನಿನ್ನೆ ಕೊಯ್ದಂತೆ.

“ಇದ್ದಿಲಾ ಅನ್ನೂದು ಕಂಬಳಿ ಇದ್ದಂಗ್ರಿ. ಹೊದ್ದಕೊಂಡ ಮ್ಯಾಲ ಉರಿ ಒಳಗ ಲಗೂನ ಹೋಗೂದಿಲ್ಲ,” ಎಂದ.

“ಕಂಬ ಹೋಗೇತಲ್ಲೋ ಯಜಮಾನ?” ಎಂದರು ಸಾಹೇಬರು.

“ಮ್ಯಾಲಿನ ತೊಲಿ ಆ ಕಡಿಂದ ಈ ಕಡಿಗೆ ಒಂದ ಅಖಂಡ ಐತ್ರಿ. ಒಬ್ಬ ಕೈ ಬಿಟ್ರ ಬಾಜೂದವ್ರು ಹಿಡೀತಾರ. ಹೆಣಾ ಹೊರೂದು ನೋಡಿಲ್ಲೇನ್ರಿ?”

ಕಾಲೇಜಿನಲ್ಲಿ ಇದನ್ನೇ ನಮಗೆ ಇಡೀ ಒಂದು ವರ್ಷ ಕಲಿಸಿದ್ದರು, ಹೆಣವಿಲ್ಲದೆ.

ಸಾಹೇಬರು ಮೆತ್ತಗಾದರು, ಆದರೆ ಭಾರ ಹೇರಿ ನೋಡದೆ ಸಹಿ ಇಲ್ಲ ಎಂದರು. ಮರಳಿನ ಚೀಲ ತರಿಸಲು ಟೆಂಡರ್ ಕರೆಯಬೇಕು, ಅದಕ್ಕೆ ಮೂರು ತಿಂಗಳು. ಅವ್ವ ಹಾದಿಯೊಂದನ್ನು ತೋರಿಸಿದಳು: “ಚೀಲ ಯಾಕ್ರಿ? ನನ್ನ ಗಿರಾಕಿಗಳನ್ನ ಕುಂಡ್ರಸ್ರಿ.”

ರಾತ್ರಿ ಪಾಳಿ ಮುಗಿಸಿ ಬಂದ ಕಾಗದದ ಕಾರ್ಖಾನೆಯ ಕಾರ್ಮಿಕರು ನಲವತ್ತು ಮಂದಿ ಸಾಲುಗಟ್ಟಿ ಹೋಗಿ, ಬಿದಿರಿನ ಲಾರಿ ತೂಗುವ ಕಾಟಾದ ಮೇಲೆ ಒಟ್ಟಿಗೆ ನಿಂತರು. ಗುಮಾಸ್ತ ತೂಕ ಬರೆದು, ‘ಮಾಲು’ ಎಂಬಲ್ಲಿ ಪದ್ಧತಿಯಂತೆ ‘ಹಸಿ ಬಿದಿರು’ ಎಂದು ತುಂಬಿ ಚೀಟಿ ಕೊಟ್ಟ. ಬಡಿಗ ಸುಟ್ಟ ತೊಲೆಗೆ ತಾಗದಂತೆ ಎರಡು ಬೆರಳು ಕೆಳಗೆ ದಿಮ್ಮಿಗಳ ಆಧಾರ ಕೊಟ್ಟ. ಬಿದ್ದರೂ ಎರಡು ಬೆರಳಷ್ಟೇ ಬೀಳಲಿ ಎಂದು. ನಾನು ದಾರ ಬಿಗಿದು, ತೊಲೆ ಎಷ್ಟು ಬಾಗುತ್ತದೆ ಎಂದು ನೋಡಲು ಗೆರೆ ಹಾಕಿಕೊಂಡೆ. ಎಲ್ಲ ಸಿದ್ಧ. ತೊಲೆಯ ಮೇಲಿನ ಕೋಣೆಗೆ ಹೋಗಲು ಯಾರೂ ಏಣಿ ಹತ್ತಲಿಲ್ಲ.

“ಸಾಹೇಬ್ರು ಮೊದಲ ಹತ್ತಲಿ,” ಎಂದ ಒಬ್ಬ.

ಸಾಹೇಬರು ಹತ್ತಿದರು, ಹಿಂದೆಯೇ ನಲವತ್ತೂ ಮಂದಿ ಹತ್ತಿ ಕೂತರು. ಸಾಹೇಬರನ್ನು ತೂಗಿರಲಿಲ್ಲ, ಅಂದಾಜಿನ ಮೇಲೆ ಸೇರಿಸಿಕೊಂಡೆ. ಪರೀಕ್ಷೆಯ ಅವಧಿ ನಿಯಮದಲ್ಲಿ ಏನೇ ಇರಲಿ, ಅವರ ಸಂಜೆಯ ಬಸ್ಸಿನವರೆಗೆ ಎಂದು ತೀರ್ಮಾನವಾಯಿತು.

ತೊಲೆ ಉಗುರಿನಷ್ಟು ಬಾಗಿ ನಿಂತಿತು. ಎರಡು ತಾಸು ಅಲ್ಲಾಡಲಿಲ್ಲ. ಮಧ್ಯಾಹ್ನ ನೋಡುತ್ತೇನೆ, ಇನ್ನೊಂದು ಕೂದಲೆಳೆ ಇಳಿದಿದೆ! ಮೇಲೆ ಓಡಿದೆ. ಅವ್ವ ಪಂಕ್ತಿ ಹಾಕಿ ಬಡಿಸುತ್ತಿದ್ದಳು.

“ಅವ್ವಾ! ಭಾರ ಬದಲು ಮಾಡಬಾರದು!”

“ನನ್ನ ಜಾಗಾದಾಗ ಕುಂತವರನ್ನ ಹಸದ ಎಬ್ಬಸ್ಲೇನು? ಸರಿ ಆಕಡೆ, ಸಾರು ಚೆಲ್ಲತೈತಿ.”

ಸಾಹೇಬರು ರೊಟ್ಟಿ ಮುರಿಯುತ್ತಲೇ ಬಡಿಸಿದ್ದನ್ನು ಭಾರಕ್ಕೆ ಕೂಡಿಸಲು ಅಪ್ಪಣೆ ಕೊಟ್ಟರು. ನಾನು ಒಂದು ರೊಟ್ಟಿ ತೂಗಿಸಿ ಗುಣಿಸಿದೆ. ಅಷ್ಟರಲ್ಲಿ ಒಬ್ಬ ಚೊಂಬು ಹಿಡಿದು ಕೆಳಗಿಳಿದು ಹೋಗಿ ಬಂದ. ಅದನ್ನು ಕಳೆಯಬೇಕೇ ಎಂದು ಕೇಳಿದೆ. ಸಾಹೇಬರು ಗಂಭೀರವಾಗಿ ಯೋಚಿಸಿ, “ಉಪೇಕ್ಷಿಸಬಹುದು,” ಎಂದರು.

ಸಂಜೆ ಎಲ್ಲರೂ ಇಳಿದರು. ಭಾರ ಹೊತ್ತಾಗ ಬಾಗುವುದು ದೋಷವಲ್ಲ. ಇಳಿಸಿದ ಮೇಲೆ ಏಳದಿದ್ದರೆ ದೋಷ. ನಾನು, ಸಾಹೇಬರು, ಬಡಿಗ ಮೂವರೂ ಕೆಳಗೆ ಕುಕ್ಕರಗಾಲಲ್ಲಿ ಕೂತು ಕತ್ತೆತ್ತಿ ದಾರ ನೋಡಿದೆವು. ಅವ್ವ ನಮ್ಮ ಬೆನ್ನ ಹಿಂದೆ ನಿಂತಿದ್ದಳು. ಅವಳ ಉಸಿರು ಕೇಳುತ್ತಿತ್ತು. ತೊಲೆ ನಿಧಾನಕ್ಕೆ ಎದ್ದು ಹಳೆಯ ಗೆರೆಗೆ ಬಂದು ಸೇರಿತು.

ಸಾಹೇಬರು ಬಸ್ಸಿನ ಹಾರ್ನ್ ಕೇಳುತ್ತಲೇ ಬರೆದರು: ‘ಮೂಲೆಗೆ ಹೊಸ ಕಂಬ ನಿಲ್ಲಿಸುವ ಷರತ್ತಿನ ಮೇಲೆ, ವಾಸಕ್ಕೂ ಅಡುಗೆಗೂ ಅಡ್ಡಿಯಿಲ್ಲ.’ ಅವ್ವನಿಗೆ ಓದು ಬರದು. ನನ್ನಿಂದ ಮೂರು ಸಲ ಓದಿಸಿದಳು. ‘ಅಡುಗೆಗೂ’ ಎಂಬುದನ್ನು ಬೆರಳಿಟ್ಟು ತೋರಿಸು ಎಂದಳು, ತೋರಿಸಿದೆ.

ಅದಾದ ಮೂರನೆಯ ದಿನ ಬಡಿಗ ಕಂಬ ನಿಲ್ಲಿಸಿ, ಬೆಣೆ ಹೊಡೆದು ಹೊರಗೆ ಬಂದ. ಅವ್ವ ನಾನು ಅಂಟಿಸಿದ ಕಾಗದ ಹರಿದು ಉರಿಗೆಂದು ಸೆರಗಲ್ಲಿ ಕಟ್ಟಿಕೊಂಡು ಒಳಗೆ ಹೋದಳು. ನಾವು ಚಾಳದವರೆಲ್ಲ ಅಂಗಳದಲ್ಲಿ ಒಂದು ಕಾಲು ಹಿಂದಿಟ್ಟುಕೊಂಡೇ ನಿಂತಿದ್ದೆವು. ಒಳಗಿಂದ ಅವಳ ಧ್ವನಿ ಬಂತು:

“ಒಲಿ ಹಚ್ಚಾಕತ್ತೇನಿ! ಯಾರೂ ಓಡಬ್ಯಾಡ್ರಿ!”