ಯಮನಿಗೆ ಬೇಡವಾದ ಹೆಸರು

ನನ್ನ ಮೂರನೆಯ ಮಗನಿಗೆ ನಾವು ಹುಡುಕಿದ್ದು ಚೆಂದದ ಹೆಸರನ್ನಲ್ಲ, ಹೊಲಸು ಹೆಸರನ್ನು. ಅವನಿಗಿಂತ ಮೊದಲಿನ ಇಬ್ಬರೂ ನನ್ನ ತವರಾದ ಕಲ್ಯಾಣದಲ್ಲಿ ಹುಟ್ಟಿ, ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದರು. ಮೊದಲನೆಯವನಿಗೆ ಮನೆದೇವರ ಹೆಸರಿಟ್ಟಿದ್ದೆವು. ಹೆಸರಿಗೆ ಆಸೆಪಟ್ಟು ಯಮ ಬಂದ ಎಂದರು. ಎರಡನೆಯವನಿಗೆ ರೂಢಿಯಂತೆ ತಿಪ್ಪೆಯ ಹೆಸರಿಟ್ಟೆವು. ಅದಕ್ಕೂ ಯಮ ಮೂಗು ಮುರಿಯಲಿಲ್ಲ. ಹಾಗಾಗಿ ಮೂರನೆಯ ಬಸಿರಿಗೆ ಅತ್ತೆ ನನ್ನನ್ನು ತವರಿಗೆ ಕಳಿಸಲೇ ಇಲ್ಲ, ಹುಮನಾಬಾದಿನಲ್ಲೇ ಹೆರಿಗೆಯಾಯಿತು. ಕೂಸು ಉಳಿಯಬೇಕಾದರೆ ಈ ಸಲ ನಮ್ಮವರು ಯಾರೂ ಇಡದ ಹೆಸರೇ ಬೇಕು ಎಂದು ಅವರು ಹಟ ಹಿಡಿದರು.

ಬಾಣಂತಿಕೋಣೆಯಲ್ಲಿ ಮಲಗಿ ನಾನು ಎಲ್ಲವನ್ನೂ ಕೇಳುತ್ತಿದ್ದೆ. ಬಳೆ ಇಡಿಸಲು ಬರುತ್ತಿದ್ದ ಮುಸಲ್ಮಾನರ ಮುದುಕಿ, ಕಲ್ಯಾಣದ ದರ್ಗಾದ ಪೀರರ ಹೆಸರಿಡಿ, ಮುಟ್ಟುವ ಧೈರ್ಯ ಯಾರಿಗೂ ಬರುವುದಿಲ್ಲ ಎಂದಳು. ಎದುರುಮನೆಯ ಮರಾಠಿ ಹೆಂಗಸು ತಮ್ಮ ಕಡೆಯದೊಂದು ಹೆಸರು ಹೇಳಿದಳು. ನಿಜಾಮರ ಕಚೇರಿಯಲ್ಲಿ ಕಾರಕೂನರಾಗಿದ್ದ ನನ್ನ ಗಂಡ, ಉರ್ದು ಕಾಗದಗಳಲ್ಲಿ ಓದಿದ ಫಾರಸಿ ಹೆಸರುಗಳನ್ನು ಸಂತೆಯ ಬದನೆಕಾಯಿಯಂತೆ ತಂದು ಸುರಿದರು. ಅತ್ತೆ ಒಂದೊಂದನ್ನೂ ಬಾಯಲ್ಲಿ ಆಡಿಸಿ ನೋಡಿ ಬಿಟ್ಟರು. ಪೀರರದು ದೊಡ್ಡ ಹೆಸರು, ಮರಾಠಿಯದು ಸಿಹಿ, ಫಾರಸಿಯವು ದರಬಾರದವು. ಯಮ ಬಯಸಿ ಬರುವಂಥವೇ ಎಲ್ಲ.

ಕಡೆಗೆ ಅವರು ಕೂಸನ್ನು ಮಾರುವ ಹಳೆಯ ಪದ್ಧತಿಗೇ ಬಂದರು. ಕೂಸನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲಿಡುವುದು, ಸೂಲಗಿತ್ತಿ ಹಿಡಿ ತೌಡು ಕೊಟ್ಟು ಅದನ್ನು ಕೊಳ್ಳುವುದು, ಕೊಂಡವಳೇ ತನ್ನ ಕೇರಿಯ ಹೆಸರಿಟ್ಟು ಸಾಕಲು ನಮಗೆ ಒಪ್ಪಿಸುವುದು. ಅವಳ ಕೇರಿ ಊರಾಚೆ. ನನ್ನ ಮಗನನ್ನು ಭೂಮಿಗೆ ತಂದವಳು ಅವಳೇ ಆದರೂ, ಹೆರಿಗೆ ಮುಗಿದ ಮೇಲೆ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಅವಳ ಕೇರಿಯ ಹೆಸರೆಂದರೆ ತಿಪ್ಪೆಗಿಂತ ಕೀಳು, ಯಮನೂ ಮೈಲಿಗೆಯೆಂದು ದೂರ ಸರಿಯುತ್ತಾನೆ ಎಂಬುದು ನಮ್ಮ ಲೆಕ್ಕ. ಅತ್ತೆಯ ಲೆಕ್ಕ ಎಂದು ಬರೆದು ಜಾರಿಕೊಳ್ಳಬಹುದಿತ್ತು. ಆದರೆ ನಾನೂ ಒಪ್ಪಿದ್ದೆ, ಮನಸಾರೆ ಒಪ್ಪಿದ್ದೆ.

ಆ ದಿನ ಅವಳು ತೌಡು ತರಲಿಲ್ಲ. ಸೆರಗಿನಲ್ಲಿ ಹಸನು ಮಾಡಿದ ಬಿಳಿಜೋಳ ಕಟ್ಟಿಕೊಂಡು ಬಂದಿದ್ದಳು. ಇಂಥ ಕೂಸಿಗೆ ತೌಡು ಕೊಡಲು ಮನಸ್ಸು ಬರಲಿಲ್ಲ ಎಂದಳು. ಮೊರದಿಂದ ಅವನನ್ನು ಎತ್ತಿ, ಎದೆಗೊತ್ತಿಕೊಂಡು, ಕಿವಿಯಲ್ಲಿ ಹೆಸರು ಉಸುರಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು. ಅರಸನೆಂಬ ಅರ್ಥದ ಹೆಸರು ಅದು.

ಅತ್ತೆಯ ಮುಖ ಗಂಟಿಕ್ಕಿತು. ಕೆಟ್ಟ ಹೆಸರು ಇಡು ಎಂದರೆ ರಾಜನ ಹೆಸರು ತಂದೆಯಾ ಎಂದು ಹರಿಹಾಯ್ದರು.

"ನಮ್ಮಲ್ಲಿ ಕೂಸಗೋಳಿಗಿ ಕೆಟ್ಟ ಹೆಸರ ಇಡಂಗಿಲ್ರಿ ಅವ್ವಾರ," ಎಂದಳು ಅವಳು. "ಇದು ನನ್ನ ಮಗನ ಹೆಸರ. ಇರಾಂವ ಒಬ್ಬನ ಮಗ. ಇದಕಿಂತ ಚಲೋ ಹೆಸರ ನನ್ನ ಕಡಿ ಇಲ್ರಿ."

ಅತ್ತೆಯ ಹಣೆಯ ಗಂಟು ಸಡಿಲಿತು. "ನಿನ್ನ ಮಗಂದೇನು? ಹಂಗಾರ ನಡೀತೈತಿ," ಎಂದರು.

ನನಗೂ ಹೋದ ಜೀವ ಬಂದಂತಾಯಿತು. ಆ ನೆಮ್ಮದಿಯನ್ನು ನೆನೆದರೆ ಇಂದಿಗೂ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತದೆ.

ಮಗ ಉಳಿದ. ಹಲ್ಲು ಬಂದವು, ಅಂಬೆಗಾಲಿಟ್ಟ, ವರ್ಷವೂ ದಾಟಿತು. ಸೂಲಗಿತ್ತಿಯ ಮಗ ಮೀಸೆ ಬಂದ, ಹೆಂಡತಿಯಿದ್ದ ಗಂಡಸು. ನಮ್ಮ ಹಿತ್ತಲಿಗೆ ಕಟ್ಟಿಗೆ ತಂದು ಹಾಕುತ್ತಿದ್ದ. ಒಂದು ದಿನ ಅತ್ತೆ ಮೊಮ್ಮಗನನ್ನು ಮುದ್ದಿನಿಂದ ಕೂಗಿದಾಗ ಹಿತ್ತಲಿನಿಂದ ಅವನು "ಬಂದೆರಿ" ಎಂದ. ನೆರೆಯವರು ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. ಆಳಿನ ಹೆಸರೂ ಮೊಮ್ಮಗನ ಹೆಸರೂ ಒಂದೇ ಎಂಬುದು ಹೆಸರಿಡುವಾಗ ಚುಚ್ಚಲಿಲ್ಲ, ನಕ್ಕಾಗ ಚುಚ್ಚಿತು. ಕೂಸಿನ ಹೆಸರು ಬದಲಿಸಲು ಭಯ. ಆದ್ದರಿಂದ ಸೂಲಗಿತ್ತಿಯನ್ನು ಕರೆಸಿ, ನಿನ್ನ ಮಗನನ್ನು ಬೇರೆ ಏನಾದರೂ ಅಂದು ಕರಿ ಎಂದರು. ಅವಳು ನನ್ನ ಕಡೆ ನೋಡಿದಳು. ನಾನು ಮಗನ ಕುಲಾವಿಯ ದಾರ ಕಟ್ಟುವುದರಲ್ಲಿ ಮುಳುಗಿದಂತೆ ಮಾಡಿದೆ. ಆಗಲಿ ಎಂದು ಹೋದಳು.

ಬರಿ ಬಾಯಿಮಾತಿಗೆ ಅಂದಿರಬೇಕು, ಹೆತ್ತವಳು ಹಾಗೆ ಮಾಡುವುದುಂಟೇ ಎಂದುಕೊಂಡಿದ್ದೆ. ಮುಂದಿನ ವಾರ ಅವಳು ಅಂಗಳದಲ್ಲಿ ಕಾಲು ಚಾಚಿ ಕೂತು ನನ್ನ ಮಗನಿಗೆ ಎಣ್ಣೆ ತೀಡುತ್ತಿದ್ದಳು. ಅವಳ ಮಗ ಕಟ್ಟಿಗೆಯ ಹೊರೆ ಹೊತ್ತು ಬಂದು, ಎಲ್ಲಿ ಇಳಿಸಲೆಂದು ನಿಂತ. ಅವಳು ತಿರುಗಿ ಬಾಯಿ ತೆರೆದಳು. ಹೆಸರು ತುಟಿಗೆ ಬಂದದ್ದು ನನಗೆ ಕಾಣಿಸಿತು. ಅದನ್ನು ನುಂಗಿಕೊಂಡು, "ಏ, ಅಲ್ಲಿ ಇಳಸು," ಎಂದಳು. ಅವನು ತಾಯಿಯ ಮುಖವನ್ನು ನೋಡಿ, ಹೊರೆ ಇಳಿಸಿ ಹೋದ.

ಅವಳು ಬಗ್ಗಿ, ಕಾಲ ಮೇಲಿದ್ದ ನನ್ನ ಮಗನನ್ನು ಆ ಹೆಸರಿನಿಂದ ಮೆಲ್ಲಗೆ ಕರೆದಳು, ಇನ್ನೊಮ್ಮೆ ಕರೆದಳು. ಅವನು ಕೇಕೆ ಹಾಕಿದ. ನಿನ್ನ ಮಗನನ್ನೂ ಹಾಗೇ ಕರಿಯೇ ಎಂದು ಹೇಳಲು ನಾನು ಹೊಸ್ತಿಲವರೆಗೆ ಬಂದಿದ್ದೆ. ಹೇಳಲಿಲ್ಲ. ಕೊಟ್ಟ ಹೆಸರನ್ನು ಅವಳು ಮರಳಿ ತೆಗೆದುಕೊಂಡರೆ ಕೂಸಿನ ಕಾವಲು ಹೋದೀತೆಂದು ಹೆದರಿದೆ. ನನಗೆ ನನ್ನ ಮಗ ಬದುಕಬೇಕಾಗಿತ್ತು.