ಹ್ಯಾನಾಳ ಸಹಿ

ನಿಗಡಿ ಊರಿನ ಅನುಸೂಯಾಗೆ ನೂರೈವತ್ತು ವರ್ಷದ ಹಿಂದಿನ ಇಂಗ್ಲೆಂಡಿನ ಬಡವರೆಲ್ಲ ನಂಟರು. ವಿದೇಶದವರ ಪೂರ್ವಜರನ್ನು ಹುಡುಕಿಕೊಡುವುದೇ ಅವಳ ಕೆಲಸ; ಹಳೆಯ ಜನಗಣತಿಯಲ್ಲಿ ಯಾರಾದರೂ ಕಳೆದುಹೋದರೆ ಅವಳಿಗೆ ಅನ್ನ ಸೇರುವುದಿಲ್ಲ. "ಎಲ್ಲಿ ಹೋಗ್ತಾಳ, ಸಿಗ್ತಾಳ ಬಿಡ್ರಿ" ಎಂದು ಕೇಳಿದವರಿಗೆಲ್ಲ ಹೇಳುತ್ತಲೇ, ಒಬ್ಬ ಗಿರಾಕಿಯ ಪೂರ್ವಜಳಾದ, ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ ವಿಧವೆ ಹ್ಯಾನಾಳನ್ನು ತಿಂಗಳುಗಟ್ಟಲೆ ಹುಡುಕಿದಳು. ಕೊನೆಗೆ ಎರಡನೇ ಮದುವೆಯ ದಾಖಲೆಯಲ್ಲಿ ಹ್ಯಾನಾ ಸಿಕ್ಕೇಬಿಟ್ಟಳು. ಮೊದಲ ಮದುವೆಯಲ್ಲಿ ಸಹಿ ಬಾರದೆ ಬರೀ ಕತ್ತರಿ ಗುರುತು ಹಾಕಿದವಳು ಈ ಸಲ ತನ್ನ ಹೆಸರನ್ನೇ ಬರೆದಿದ್ದಳು! "ಅವ್ವಾ, ಸಹಿ ಮಾಡ್ಯಾಳ!" ಎಂದು ಅನುಸೂಯಾ ಕುಣಿದಳು. ಕಟ್ಟಡದ ಕೆಲಸದಲ್ಲೇ ಮುಪ್ಪಾದ, ಇಂದಿಗೂ ಹೆಬ್ಬೆಟ್ಟು ಒತ್ತುವ ಅವ್ವ ಹುಲಿಗೆವ್ವ, ಕಂಪ್ಯೂಟರ್ ಪರದೆಯ ಮೇಲಿನ ಸೊಟ್ಟ ಅಕ್ಷರಗಳನ್ನು ಬೆರಳಿನಿಂದ ಮೆಲ್ಲಗೆ ಸವರಿದಳು. "ಗಿರಣಿಗೆ ಹೋಗಿ ಬಂದು ಕಲ್ತಾಳೇನು?" ಎಂದು ಕೇಳಿದಳು. ಆಮೇಲೆ ಸಕ್ಕರೆ ಡಬ್ಬಿ ಹಿಡಿದು ಹೊರಟು ಓಣಿಗೆಲ್ಲ ಹಂಚಿದಳು: "ನಮ್ಮ ಹ್ಯಾನಾ ಹೆಸರು ಬರಿಯಾಕ ಕಲ್ತಾಳ್ರೀ!"